ಹದಿನೈದು ಮೇಜು, ಒಂಬತ್ತು ಬಟನ್

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಗೂ ಬದಿಯಡ್ಕಕ್ಕೂ ನಡುವಿನ ಒಂದು ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಓದುವ ಕಾಲದಲ್ಲಿ ನಾಲ್ಕು ವಯರು ಬೆಸುಗೆ ಹಾಕಿದ್ದೆನೆಂಬ ಒಂದೇ ಕಾರಣಕ್ಕೆ ಕಚೇರಿಯ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನುಗಳನ್ನು ಒಳಗಿನ ಫೋನುಗಳಿಗೆ ಸೇರಿಸುವ ಯಂತ್ರ, ಕೂಡ ನನ್ನ ತಲೆಗೇ ಬಂತು. ಯಂತ್ರ ಪ್ಯಾನಸಾನಿಕ್ ಕೆಎಕ್ಸ್-ಟಿಇಎಸ್824. ಮೂಲದಲ್ಲಿ ಅದಕ್ಕೆ 3 ಹೊರಲೈನು, 8 ಎಕ್ಸ್‌ಟೆನ್ಶನ್ (ಒಳಗಿನ ಫೋನು). ಕಾರ್ಡು ಸೇರಿಸುತ್ತ ಹೋದರೆ 8 ಲೈನು, 24 ಎಕ್ಸ್‌ಟೆನ್ಶನ್‌ವರೆಗೆ ಬೆಳೆಸಬಹುದು. ನಾವು ಸಾಮಾನ್ಯ ಫೋನುಗಳಿಗಾಗಿ ಎಂಟು ಪೋರ್ಟಿನ ಒಂದು ಕಾರ್ಡು ಮಾತ್ರ ಹಾಕಿಸಿದ್ದೇವೆ. ಹಾಗಾಗಿ ಲೈನು ಮೂರೇ, ಎಕ್ಸ್‌ಟೆನ್ಶನ್ ಹದಿನಾರು.

ಹೊರಗಿನ ಕರೆಗಳನ್ನೆಲ್ಲ ಮೊದಲು ಎತ್ತುವುದು ಟೆಲಿಫೋನ್ ಮೇಜಿನ ಅಕ್ಕ. ಅವರ ಎಕ್ಸ್‌ಟೆನ್ಶನ್ 101, ಎದುರಿಗಿರುವುದು ಒಂದು ಸಾಲಿನ ಡಿಸ್‌ಪ್ಲೇ ಇರುವ ಕೆಎಕ್ಸ್-ಟಿ7730 ಫೋನು. ಅದರಲ್ಲಿ ನಮಗೆ ಬೇಕಾದಂತೆ ಕೆಲಸ ಹಂಚಬಹುದಾದ ಹನ್ನೆರಡು ಬಟನ್‌ಗಳಿವೆ. ಮೊದಲ ಮೂರು ಹೊರಲೈನುಗಳಿಗೆ ಬೇಕೇ ಬೇಕು. ಉಳಿದವುಗಳಲ್ಲಿ ಕೆಲವು ನಮ್ಮಲ್ಲಿಲ್ಲದ ಲೈನುಗಳ ಹೆಸರಿನಲ್ಲಿ ಸುಮ್ಮನೆ ಕುಳಿತಿದ್ದವು, ಕೆಲವು ಖಾಲಿಯಿದ್ದವು. ಹೀಗೆ ಒಂಬತ್ತು ಬಟನ್ ಕೈಗೆ ಸಿಕ್ಕವು. ಅಕ್ಕ ಕರೆ ಕಳುಹಿಸಬೇಕಾದ ಮೇಜುಗಳು ಮಾತ್ರ ಹದಿನೈದು.

ಬಟನ್‌ಗೆ ಕೆಲಸ ಕೊಡುವುದು ಕಷ್ಟವೇನಲ್ಲ. ಅದೇ ಫೋನಿನಲ್ಲಿ ‘ಪ್ರೋಗ್ರಾಮ್’ ಒತ್ತಿ 99 ಹಾಕಬೇಕು, ಬದಲಾಯಿಸಬೇಕಾದ ಬಟನ್ ಒತ್ತಬೇಕು, ಎಕ್ಸ್‌ಟೆನ್ಶನ್ ಆದರೆ 1 ಹಾಕಿ ಅದರ ಸಂಖ್ಯೆ, ಹೊರಗಿನ ನಂಬರಾದರೆ 2 ಹಾಕಿ ಆ ನಂಬರು ಕೊಟ್ಟು ‘ಸ್ಟೋರ್’ ಒತ್ತಬೇಕು, ಕೊನೆಗೆ ಪುನಃ ‘ಪ್ರೋಗ್ರಾಮ್’ ಒತ್ತಿ ಹೊರಬರಬೇಕು. ಈ ವ್ಯವಸ್ಥೆ ಉಳಿಯುವುದು ಗೋಡೆಯ ಮೇಲಿನ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿ, ಫೋನಿನಲ್ಲಿ ಅಲ್ಲ. ಆದ್ದರಿಂದ ಫೋನು ಕೆಟ್ಟು ಅದೇ ಮಾದರಿಯ ಬೇರೊಂದನ್ನು ಸಿಕ್ಕಿಸಿದರೂ ಬಟನ್‌ಗಳು ಹಾಗೆಯೇ ಇರುತ್ತವೆ.

ಮೊದಲ ಸಲ ನಾನು ಹಂಚಿದ್ದು ಹುದ್ದೆಯ ಲೆಕ್ಕದಲ್ಲಿ: ಅಧ್ಯಕ್ಷರ ಕೋಣೆ, ಸೆಕ್ರೆಟರಿ, ಸಹಾಯಕ ಸೆಕ್ರೆಟರಿ, ಹೀಗೆ ಮೇಲಿನಿಂದ ಕೆಳಗೆ. ಆಡಳಿತ ಸಮಿತಿಯ ಫಲಕ ಬರೆಯುವುದಕ್ಕೆ ಅದು ಸರಿಯಾದ ಕ್ರಮವಾಗಿರಬಹುದು, ಟೆಲಿಫೋನಿಗೆ ಅಲ್ಲ. ಕೆಲವು ತಿಂಗಳು ಕಳೆದ ಮೇಲೆ ಅಕ್ಕನ ಹತ್ತಿರ ಒಂದು ಹಳೆಯ ನೋಟ್ ಪುಸ್ತಕ ಕೊಟ್ಟು, ಒಂದು ವಾರ ಯಾವ ಮೇಜಿಗೆ ಕರೆ ಕಳುಹಿಸುತ್ತೀರೋ ಅದರ ಎದುರು ಒಂದು ಗೀಟು ಎಳೆಯಿರಿ ಎಂದೆ. ಶನಿವಾರ ನೋಡಿದರೆ ಚಿನ್ನದ ಸಾಲದ ಸಾಲು ಪುಟದ ಅಂಚು ಮುಟ್ಟಿ ಕೆಳಗಿಳಿದಿತ್ತು. ಅದರ ಹಿಂದೆಯೇ ಗೊಬ್ಬರದ ಡಿಪೋ, ಆಮೇಲೆ ಕೃಷಿ ಸಾಲ. ಅಧ್ಯಕ್ಷರ ಕೋಣೆಯ ಎದುರು ಇದ್ದದ್ದು ಎರಡೇ ಗೀಟು. ಗೊಬ್ಬರದ ಡಿಪೋಕ್ಕೆ ನಾನು ಬಟನ್ ಕೊಟ್ಟೇ ಇರಲಿಲ್ಲ.

ಮೂರಂಕಿ ಒತ್ತುವ ಶ್ರಮ ಉಳಿಯುವುದು ಸಣ್ಣ ಲಾಭ. ಎಕ್ಸ್‌ಟೆನ್ಶನ್‌ಗೆ ಕೊಟ್ಟ ಬಟನ್, ಆ ಮೇಜಿನವರು ಮಾತಿನಲ್ಲಿದ್ದರೆ ಕೆಂಪಾಗಿ ಉರಿಯುತ್ತದೆ. ದೊಡ್ಡ ಲಾಭ ಅದು. ಯೂರಿಯಾ ಬಂದಿದೆಯೋ ಎಂದು ಕೇಳುವ ಕೃಷಿಕರನ್ನು ‘ಟ್ರಾನ್ಸ್‌ಫರ್’ ಒತ್ತಿ ಕಾಯಿಸಿ, ಡಿಪೋದ ಫೋನು ಎಂಗೇಜ್ ಎಂದು ತಿಳಿದು, ಮತ್ತೆ ಅವರ ಲೈನಿಗೆ ಮರಳಿ ಕ್ಷಮೆ ಕೇಳುವ ಅಗತ್ಯವಿಲ್ಲ. ಬೆಳಕು ನೋಡಿಯೇ ‘ಹತ್ತು ನಿಮಿಷ ಬಿಟ್ಟು ಮಾಡಿ’ ಎಂದು ಹೇಳಬಹುದು. ಹಾಗಾಗಿ ಅತಿ ಹೆಚ್ಚು ಎಂಗೇಜ್ ಆಗುವ ಆರು ಮೇಜುಗಳಿಗೆ ಆರು ಬಟನ್ ಕೊಟ್ಟೆ. ಅಧ್ಯಕ್ಷರ ಕೋಣೆಗೆ ಕೊಡದಿರುವ ಧೈರ್ಯ ನನಗಾಗಲಿಲ್ಲ. ಅದು ಏಳನೆಯದಾಗಿ, ಕೊನೆಯಲ್ಲಿ ಉಳಿದಿದೆ.

ಮಿಕ್ಕ ಎರಡು ಬಟನ್ ಹೊರಗಿನ ನಂಬರುಗಳಿಗೆ: ಒಂದು ಕಾಸರಗೋಡು, ಇನ್ನೊಂದು ಮಂಗಳೂರು. ನಮ್ಮ ಕಡೆಯ ಎಸ್‌ಟಿಡಿ ಕೋಡ್ 04998, ಜಿಲ್ಲಾ ಕೇಂದ್ರದ್ದು 04994, ಮಂಗಳೂರಿನದು 0824. ಎರಡೂ ನಂಬರು ಸೊನ್ನೆಯಿಂದಲೇ ಶುರು. ಇದೇ ವ್ಯವಸ್ಥೆಯನ್ನು ಸೆಕ್ರೆಟರಿಯವರ ಫೋನಿಗೂ ಮಾಡಿಕೊಟ್ಟೆ. ಅವರು ಮಂಗಳೂರಿನ ಬಟನ್ ಒತ್ತಿದರೆ ‘ಹೇಳಿ ಸರ್’ ಎಂದು ಉತ್ತರಿಸಿದ್ದು ಪಕ್ಕದ ಕೋಣೆಯ ಅಕ್ಕ. ಹೊರಲೈನು ಹಿಡಿಯುವ 9 ಅನ್ನು ನಂಬರಿನ ಮುಂದೆ ಸೇರಿಸಲು ನಾನು ಮರೆತಿದ್ದೆ. ಯಂತ್ರ ಮೊದಲ ಸೊನ್ನೆಯನ್ನೇ ಆಪರೇಟರ್ ಕರೆ ಎಂದು ತಿಳಿದು ಅಲ್ಲಿಗೇ ಕೆಲಸ ಮುಗಿಸಿತ್ತು.

ಸೆಕ್ರೆಟರಿಯವರ ಆ ಫೋನು ಮೊದಲ ದಿನ ಜೀವವೇ ಬಾರದೆ ಅರ್ಧ ದಿನ ತಿಂದಿತ್ತು. ಸಾಮಾನ್ಯ ಫೋನಿಗೆ ಎರಡು ವಯರು ಸಾಕು. ಡಿಸ್‌ಪ್ಲೇ ಫೋನಿಗೆ ನಾಲ್ಕು ಬೇಕು, ನಡುವಿನ ಜೋಡಿಯಲ್ಲಿ ಮಾತು, ಹೊರಗಿನ ಜೋಡಿಯಲ್ಲಿ ಡೇಟಾ. ಹಳೆಯ ಕೇಬಲ್ಲಿನಲ್ಲಿ ಸೇರಿಸಿದ್ದದ್ದು ಒಂದೇ ಜೋಡಿ.

ಹೊಸ ಹಂಚಿಕೆಯ ಮೊದಲ ದಿನ ಅಕ್ಕ ಸಂತೋಷಪಡಲಿಲ್ಲ. “ಮಾರಾಯ್ರೇ, ಬೆರಳಿಗೆ ಅಭ್ಯಾಸವಾಗಿದ್ದ ಜಾಗವನ್ನೇ ತೆಗೆದಿರಲ್ಲ” ಎಂದರು. ಅವರ ಮಾತು ಸರಿಯಾಗಿತ್ತು. ಸೆಕ್ರೆಟರಿಯವರ ಬಟನ್ ಅನ್ನು ಹಳೆಯ ಜಾಗಕ್ಕೇ ಮರಳಿಸಿ, ಉಳಿದವನ್ನು ಅದರ ಸುತ್ತ ಹೊಂದಿಸಿದೆ. ಆಮೇಲೆ ಚೀಟಿಯ ಪ್ರಶ್ನೆ. ಬಟನ್ ಪಕ್ಕದ ಜಾಗ ಉಗುರಿನಷ್ಟು. ಅಕ್ಕ ಓದುವುದು ಕನ್ನಡ. ಅವರು ರಜೆ ಹಾಕಿದಾಗ ಕೂರುವ ಹುಡುಗ ಕಲಿತದ್ದು ಮಲಯಾಳ ಮಾಧ್ಯಮದಲ್ಲಿ. ಮೇಲೆ ‘ಚಿನ್ನ’, ಕೆಳಗೆ ಮಲಯಾಳ ಲಿಪಿಯಲ್ಲಿ ‘ಸ್ವರ್ಣಂ’. ಮೇಲೆ ‘ಗೊಬ್ಬರ’, ಕೆಳಗೆ ‘ವಳಂ’ ಎಂದು ಸಪೂರ ಪೆನ್ನಿನಲ್ಲಿ ಬರೆದು ಅಂಟಿಸಿದೆ. ‘ಠೇವಣಿ’ ಎಂಬುದು ಮೂರು ಸಲ ಕೆಟ್ಟಿತು.

ಕರೆಂಟು ಹೋಗಿ ಯಂತ್ರ ನಿಂತರೆ ಒಂದನೆಯ ಲೈನು ತಾನಾಗಿಯೇ 01ನೇ ಜ್ಯಾಕಿಗೆ, ಅಂದರೆ ಅಕ್ಕನ ಫೋನು ಸಿಕ್ಕಿಸಿದ ಜಾಗಕ್ಕೆ, ಸೇರಿಕೊಳ್ಳುತ್ತದೆ, ಆದರೆ ಅಲ್ಲಿ ಆಗ ಮಾತನಾಡುವುದು ಸಾಮಾನ್ಯ ಫೋನು ಮಾತ್ರ. ಅಕ್ಕನ ಡಿಸ್‌ಪ್ಲೇ ಫೋನು ಮೂಕವಾಗುತ್ತದೆ. ಅದಕ್ಕಾಗಿ ಅದೇ ಜ್ಯಾಕಿಗೆ ಒಂದು ಹಳೆಯ ಫೋನನ್ನೂ ಸಮಾಂತರವಾಗಿ ಜೋಡಿಸಿದ್ದೇನೆ. ತುಲಾ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಬಾರಿಸುವುದು ಅದೊಂದೇ. ಕರೆ ಕಳುಹಿಸಲು ಆಗ ಯಾವ ಬಟನ್ನೂ ಇಲ್ಲ. ಅಕ್ಕ ಚೀಟಿಯಲ್ಲಿ ಬರೆದುಕೊಂಡು, ಕೊಡೆ ಹಿಡಿದು ಗೊಬ್ಬರದ ಡಿಪೋದವರೆಗೆ ನಡೆದೇ ಹೋಗುತ್ತಾರೆ.