ಬೆಟ್ಟದ ಹೊಗೆಯಿಂದ ಬೆಂಕಿಯವರೆಗೆ: ಕನ್ನಡ ತರ್ಕಪ್ರಬಂಧಕ್ಕೆ ಲಾಟೆಕ್

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ನ್ಯಾಯದರ್ಶನದ (ಭಾರತೀಯ ತರ್ಕಪಂಥದ) ಮೇಲೆ ಪ್ರಬಂಧ ಬರೆಯುವವರಿಗಾಗಲಿ, ಪುಣೆಯಲ್ಲಿ ಕೂತು ಕನ್ನಡ ಪತ್ರಿಕೆಗೆ ತರ್ಕಶಾಸ್ತ್ರದ ಲೇಖನ ಸಿದ್ಧಪಡಿಸುವವರಿಗಾಗಲಿ ವರ್ಡ್ ಎರಡು ಕಡೆ ಕೈಕೊಡುತ್ತದೆ. ಸಾಧನೆಯ, ಅಂದರೆ ತಾರ್ಕಿಕ ಪ್ರೂಫಿನ, ಗೆರೆಗಳು ಜರುಗುತ್ತವೆ. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಫಾಂಟು ಬದಲಾಗುತ್ತದೆ. ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲಾಟೆಕ್ ತಂತ್ರಾಂಶ ಇವೆರಡನ್ನೂ ನಿವಾರಿಸುತ್ತದೆ, ಜೊತೆಗೆ ತನ್ನದೇ ಒಂದು ಕಾಟವನ್ನೂ ತರುತ್ತದೆ. ಅದನ್ನು ಮುಂದೆ ನೋಡೋಣ. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪಿಸುವುದು ಇಂಗ್ಲಿಷ್ ಅಕ್ಷರದಲ್ಲೇ, ಹೆಸರಿಗಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ.

ಮೊದಲು ಕಂಪೈಲರ್, ಅಂದರೆ ಬರೆದದ್ದನ್ನು ಪಿಡಿಎಫ್ ಆಗಿಸುವ ತಂತ್ರಾಂಶ. ಓವರ್‌ಲೀಫ್ ಎಂಬ ಲಾಟೆಕ್ ಜಾಲತಾಣದಲ್ಲಿ ತಾನಾಗಿ ಬರುವ ಪಿಡಿಎಫ್‌ಲಾಟೆಕ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ. ಸೆಟ್ಟಿಂಗಿನಲ್ಲಿ ಝೀಲಾಟೆಕ್ ಎಂದು ಬದಲಿಸಿ. ಫಾಂಟ್‌ಸ್ಪೆಕ್ ಪ್ಯಾಕೇಜು (ಹೆಚ್ಚುವರಿ ಆಜ್ಞೆಗಳ ಕಟ್ಟು) ಸೇರಿಸಿ, ನೋಟೊ ಸೆರಿಫ್ ಕನ್ನಡ ಫಾಂಟನ್ನು 'ಸ್ಕ್ರಿಪ್ಟ್ = ಕನ್ನಡ' ಎಂಬ ಆಯ್ಕೆಯ ಸಮೇತ ಕರೆಯಿರಿ. ಆ ಆಯ್ಕೆ ಬಿಟ್ಟರೆ ಅಕ್ಷರ ಬರುತ್ತದೆ, ಒತ್ತು ಕೂಡುವುದಿಲ್ಲ: 'ತತ್ತ್ವ' ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಹಳೆಯ ನುಡಿ ಅಥವಾ ಬರಹ ಕಡತದಿಂದ ಅಂಟಿಸುವುದಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ನಡುವೆ ಮರಾಠಿ ಉಲ್ಲೇಖ ಬಂದರೆ ಅದಕ್ಕೆ ದೇವನಾಗರಿ ಫಾಂಟೊಂದನ್ನು ಬೇರೆಯಾಗಿ ಘೋಷಿಸಬೇಕು. ಈ ಕನ್ನಡ ಫಾಂಟಿಗೆ ಓರೆ ಅಕ್ಷರವಿಲ್ಲ, ಹಾಗಾಗಿ 'ಎಂಫ್' ಆಜ್ಞೆ ಕೊಟ್ಟರೂ ಪುಟದಲ್ಲಿ ವ್ಯತ್ಯಾಸ ಕಾಣದು; ಒತ್ತಿ ಹೇಳಬೇಕಾದಲ್ಲಿ ದಪ್ಪಕ್ಷರ ಬಳಸಿ.

ಈಗ ಸಾಧನೆಗೆ ಬರೋಣ. ನೈಯಾಯಿಕರ ಹಳೆಯ ಉದಾಹರಣೆಯೇ ಸಾಕು: ಹೊಗೆಯಿರುವಲ್ಲೆಲ್ಲ ಬೆಂಕಿಯಿದೆ, ಅಡುಗೆಮನೆಯಲ್ಲಿದ್ದಂತೆ; ಬೆಟ್ಟದಲ್ಲಿ ಹೊಗೆಯಿದೆ; ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಅದನ್ನು ಇಲ್ಲಿಗೆ ಅನ್ವಯಿಸುವುದು), ನಿಗಮನ (ತೀರ್ಮಾನ) ಎಂಬ ಐದು ಅವಯವಗಳನ್ನೇ ತೋರಿಸುವುದಾದರೆ ಅಂಕಿ ಹಾಕಿದ ಪಟ್ಟಿ ಸಾಕು. ಪ್ರತಿಜ್ಞೆ ಮತ್ತು ನಿಗಮನ ಒಂದೇ ವಾಕ್ಯವಾದ್ದರಿಂದ ಐದನ್ನೂ ಮರದಾಕಾರಕ್ಕೆ (ಆಧಾರಗಳು ಮೇಲೆ, ನಡುವೆ ಗೆರೆ, ತೀರ್ಮಾನ ಕೆಳಗೆ) ತುರುಕಿದರೆ ಓದುಗರಿಗೇ ಗೊಂದಲ.

ಮರದಾಕಾರಕ್ಕೆ ಸ್ಯಾಮ್ ಬಸ್ ಅವರ ಬಸ್‌ಪ್ರೂಫ್ಸ್ ಪ್ಯಾಕೇಜು. ಇದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕೆಲಸ ಮಾಡುತ್ತದೆ. ಪ್ರೂಫ್‌ಟ್ರೀ ಆವರಣದೊಳಗೆ 'ಆಕ್ಸಿಯಮ್‌ಸಿ' ಕೊಟ್ಟು 'ಹೊಗೆಯಿರುವಲ್ಲೆಲ್ಲ ಬೆಂಕಿಯಿದೆ' ಎಂಬ ವ್ಯಾಪ್ತಿವಾಕ್ಯವನ್ನಿಡಿ. 'ರೈಟ್‌ಲೇಬಲ್'ನಲ್ಲಿ ನಿಯಮದ ಹೆಸರು ಬರೆದು, 'ಯೂನರಿಇನ್ಫ್‌ಸಿ'ಯಿಂದ 'ಬೆಟ್ಟದಲ್ಲಿ ಹೊಗೆಯಿದ್ದರೆ ಬೆಂಕಿಯಿದೆ' ಎಂದು ಇಳಿಸಿ. ಇನ್ನೊಂದು 'ಆಕ್ಸಿಯಮ್‌ಸಿ'ಯಲ್ಲಿ ಹೇತು. ಮತ್ತೆ ಲೇಬಲ್, ಕೊನೆಗೆ 'ಬೈನರಿಇನ್ಫ್‌ಸಿ'. ಅದು ಮೇಲಿನ ಎರಡು ತಟ್ಟೆಗಳನ್ನು ತೆಗೆದು ನಿಗಮನವನ್ನು ಕೆಳಗಿಡುತ್ತದೆ. ಲೇಬಲ್ ಯಾವಾಗಲೂ ತನ್ನ ಗೆರೆಯ ಆಜ್ಞೆಗಿಂತ ಮುಂಚೆಯೇ ಬರಬೇಕು. ನಂತರ ಬರೆದರೆ ಮುಂದಿನ ಗೆರೆಗೆ ಅಂಟಿಕೊಳ್ಳುತ್ತದೆ. 'ಹೈಪಾಥಿಸಸ್ ಮಿಸ್ಸಿಂಗ್' ಎಂದು ದೂರಿದರೆ ಬೈನರಿಗೆ ಒಂದೇ ತಟ್ಟೆ ಸಿಕ್ಕಿದೆ ಎಂದರ್ಥ. 'ಬ್ಯಾಡ್ಲಿ ಸ್ಪೆಸಿಫೈಡ್' ಎಂದರೆ ಕೊನೆಗೆ ಒಂದಕ್ಕಿಂತ ಹೆಚ್ಚು ಉಳಿದಿವೆ.

ಮರ ಅಡ್ಡಕ್ಕೆ ಬೆಳೆಯುತ್ತದೆ. 210 ಮಿ.ಮೀ. ಅಗಲದ ಎ4 ಹಾಳೆಯಲ್ಲಿ ಬೈಂಡಿಂಗಿಗೆ 38, ಬಲಕ್ಕೆ 25 ಬಿಟ್ಟರೆ ಉಳಿಯುವುದು 147. ಪೂರ್ತಿ ಕನ್ನಡ ವಾಕ್ಯಗಳಾದರೆ ಮೂರು ಎಲೆಗೇ (ಮರದ ಮೇಲ್ತುದಿಯ ವಾಕ್ಯಗಳಿಗೇ) ಹಾಳೆ ಮುಗಿಯುತ್ತದೆ. ಎಳೆದು ಕುಗ್ಗಿಸಬೇಡಿ, ಓದಲಾಗದು. ಒಂದು ಕೊಂಬೆಯನ್ನು ಕತ್ತರಿಸಿ ಬೇರೆ ಸಾಧನೆಯಾಗಿ ಮೇಲೆಯೇ ಕೊಡಿ. ಅದರ ಜಾಗದಲ್ಲಿ 'ಆಕ್ಸಿಯಮ್‌ಸಿ'ಯೊಳಗೆ ಲಂಬ ಚುಕ್ಕಿಗಳನ್ನಿಟ್ಟು, 'ನೋಲೈನ್' ಕೊಟ್ಟು, 'ಯೂನರಿಇನ್ಫ್‌ಸಿ'ಯಲ್ಲಿ ಆ ಕೊಂಬೆಯ ತೀರ್ಮಾನವನ್ನಿಡಿ.

ಸಾಲು ಹೆಚ್ಚಿದ್ದರೆ, ಸಂಖ್ಯೆ ಹಾಕಿ ಒಂದರ ಕೆಳಗೊಂದು ಸಾಲು ಬರೆಯುವ ಫಿಚ್ ಶೈಲಿಯೇ ವಾಸಿ. ಪೀಟರ್ ಸೆಲಿಂಗರ್ ಅವರ ಫಿಚ್ ಪ್ಯಾಕೇಜಿನಲ್ಲಿ 'ಹೈಪೊ' ಆಧಾರವಾಕ್ಯಕ್ಕೆ, 'ಹ್ಯಾವ್' ಉಳಿದ ಸಾಲುಗಳಿಗೆ. 'ಓಪನ್', 'ಕ್ಲೋಸ್' ಒಳಸಾಧನೆಗೆ. 'ಬೈ' ನಿಯಮದ ಹೆಸರಿಗೆ ಮತ್ತು ಅದು ಆಧರಿಸಿದ ಸಾಲುಗಳಿಗೆ. ಸಾಲಿಗೆ ನೀವಿಟ್ಟ ಗುರುತನ್ನೇ ಉಲ್ಲೇಖಿಸಿ. ಮುದ್ರಿತ ಸಂಖ್ಯೆಯನ್ನು ಪ್ಯಾಕೇಜು ತಾನೇ ಹಾಕುತ್ತದೆ, ಗೈಡು ನಡುವೆ ಒಂದು ಸಾಲು ಸೇರಿಸಲು ಹೇಳಿದರೂ ಎಲ್ಲ ತಾನಾಗಿ ಸರಿಯುತ್ತದೆ.

ಕಾಟ ಇರುವುದು ಇಲ್ಲೇ. 'ಆಕ್ಸಿಯಮ್‌ಸಿ'ಯ ಒಳಗಿನದು ಸಾದಾ ಪಠ್ಯ, ಕನ್ನಡ ನೇರವಾಗಿ ಬರುತ್ತದೆ. ಫಿಚ್‌ನ 'ಹೈಪೊ', 'ಹ್ಯಾವ್' ಒಳಗಿನದು ಗಣಿತ. ಗಣಿತದ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಡಾಲರ್ ಚಿಹ್ನೆಗಳ ನಡುವೆ 'ಪ → ಕ' ಎಂದು (ಬಾಣಕ್ಕೆ 'ಟು' ಆಜ್ಞೆ ಕೊಟ್ಟು) ಬರೆದು ನೋಡಿ: ಬಾಣವೊಂದೇ ಉಳಿಯುತ್ತದೆ, ಕಂಪೈಲ್ ನಿಲ್ಲುವುದೂ ಇಲ್ಲ. 'ಮಿಸ್ಸಿಂಗ್ ಕ್ಯಾರೆಕ್ಟರ್' ಎಂಬ ಸಾಲು ಲಾಗ್ ಫೈಲಿನ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ, ಅದನ್ನು ಯಾರು ಓದುತ್ತಾರೆ! ಪರಿಹಾರ ಎರಡು. ಎಎಂಎಸ್‌ಮ್ಯಾಥ್ ಸೇರಿಸಿ ಕನ್ನಡವನ್ನೆಲ್ಲ 'ಟೆಕ್ಸ್ಟ್' ಆಜ್ಞೆಯೊಳಗೆ ಹಾಕಿ. ಜೊತೆಗೆ ಕಡತದ ಆರಂಭದಲ್ಲೇ 'ಟ್ರೇಸಿಂಗ್‌ಲಾಸ್ಟ್‌ಚಾರ್ಸ್' ಅನ್ನು 3ಕ್ಕೆ ಇಡಿ. 2021ರ ಟೆಕ್ ಲೈವ್‌ನಿಂದ ಈಚೆಗೆ, ಅಕ್ಷರ ಕಳೆದುಹೋದರೆ ಇದು ದೋಷ ತೋರಿಸುತ್ತದೆ.

ಉಲ್ಲೇಖಸೂಚಿಗೆ ಬಿಬ್‌ಲಾಟೆಕ್-ಫಿಲಾಸಫಿಯ ಶೈಲಿಗಳಿವೆ. ಉಲ್ಲೇಖಗಳನ್ನು ವಿಂಗಡಿಸುವ ಬೈಬರ್ ತಂತ್ರಾಂಶವನ್ನು ಓಡಿಸುವುದನ್ನು ಮರೆಯಬೇಡಿ. ಚಿಹ್ನೆಗಳಲ್ಲಿ □ (ಅವಶ್ಯ), ◇ (ಸಾಧ್ಯ) ಮತ್ತು ತರ್ಕಶಾಸ್ತ್ರಜ್ಞ ಕ್ವೈನ್ ಬಳಸಿದ ಮೂಲೆ ಆವರಣಗಳಿಗೆ ಎಎಂಎಸ್‌ಸಿಂಬ್ ಬೇಕು.

ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಗೆ ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಅನ್ನೇ ಕೊಡಿ, ಫಾಂಟು ಅದರೊಳಗೇ ಇರುತ್ತದೆ. 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆ ತೆಗೆಸಿ 100 ಪ್ರತಿಶತ ಅಳತೆಯಲ್ಲಿ ತೆಗೆಯಲು ಹೇಳಿ. ಇಲ್ಲದಿದ್ದರೆ ಅಷ್ಟು ಲೆಕ್ಕ ಹಾಕಿ ಬಿಟ್ಟ ಬೈಂಡಿಂಗ್ ಅಂಚು ಬದಲಾಗುತ್ತದೆ.