ಮಾನಿಟರ್‌ನಿಂದ ಗುಂಯ್ ಸದ್ದು: ಮೊದಲು ಕಿವಿಗೊಡಿ, ಆಮೇಲೆ ದುಡ್ಡು ಬಿಚ್ಚಿ

ಕಂಪ್ಯೂಟರಿನ ಸದ್ದು ಈಗ ಬಹಳ ಮನೆಗಳಲ್ಲಿ ಮಾನಿಟರ್ ಮೂಲಕವೇ ಬರುತ್ತದೆ. ಎಚ್‌ಡಿಎಂಐ ಕೇಬಲ್ ಒಂದೇ ಚಿತ್ರವನ್ನೂ ಸದ್ದನ್ನೂ ತರುತ್ತದೆ. ಮಾನಿಟರ್ ಹಿಂದಿನ ಜಾಕ್‌ಗೆ ಹೆಡ್‌ಫೋನ್ ಚುಚ್ಚಿದರೆ ಅಥವಾ ಸ್ಪೀಕರ್ ಜೋಡಿಸಿದರೆ ಕೆಲಸ ಮುಗಿಯಿತು. ಆದರೆ ಪಾಠವೋ ಹಾಡೋ ಕೇಳುತ್ತಿರುವಾಗ ಹಿಂದೆ ಒಂದು ಗುಂಯ್ ಸದ್ದು ಸೇರಿಕೊಳ್ಳುತ್ತದೆ. ಕೆಲವರಿಗೆ ಅದು ಸುಂಯ್, ಕೆಲವರಿಗೆ ಚಟಪಟ. ಮಾನಿಟರ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಹಚ್ಚಿ ನೋಡಿದರೆ ಸದ್ದೇ ಇಲ್ಲ. ಮನೆಗೆ ತಂದ ಕೂಡಲೇ ಮತ್ತೆ ಶುರು.

ಯಾಕೆಂದರೆ ಆ ಸದ್ದು ಬಹಳ ಸಲ ಮಾನಿಟರ್‌ನದ್ದಲ್ಲ, ಮನೆಯ ವೈರಿಂಗಿನದ್ದು. ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹಳೆಯ ಮನೆಗಳಲ್ಲಂತೂ ಇದನ್ನೇ ಮೊದಲು ಅನುಮಾನಿಸಬೇಕು. ಸದ್ದು ಯಾವ ಥರದ್ದು, ಯಾವಾಗ ಬರುತ್ತದೆ ಎಂದು ಗಮನವಿಟ್ಟು ಕೇಳಿದರೆ ಅದು ಎಲ್ಲಿಂದ ಬರುತ್ತಿದೆ ಎಂಬುದು ಗೊತ್ತಾಗುತ್ತದೆ. ಅಲ್ಲಿವರೆಗೆ ಏನನ್ನೂ ಕೊಳ್ಳಬೇಡಿ.

ಸದ್ದು ಮಾಡುತ್ತಿರುವುದು ಯಾವುದು?

ಹಾಡು, ವಿಡಿಯೊ ಎಲ್ಲ ನಿಲ್ಲಿಸಿ. ಫ್ಯಾನ್ ಆರಿಸಿ. ಹೆಡ್‌ಫೋನ್, ಸ್ಪೀಕರ್ ಎರಡನ್ನೂ ಕಿತ್ತು, ಮಾನಿಟರ್ ವಾಲ್ಯೂಮ್ ಪೂರ್ತಿ ಇಳಿಸಿ, ಅದರ ಹಿಂಬದಿಗೆ ಕಿವಿ ಒಯ್ಯಿರಿ. ಈಗಲೂ ಸಣ್ಣಗೆ ಕೀಂ ಅನ್ನುತ್ತಿದೆಯಾ? ಹಾಗಿದ್ದರೆ ಅದು ಆಡಿಯೊ ತೊಂದರೆಯೇ ಅಲ್ಲ. ಒಳಗಿನ ಪವರ್ ಬೋರ್ಡಿನ ಕಾಯಿಲ್ ಅದುರುವ ಸದ್ದು. ಬ್ರೈಟ್‌ನೆಸ್ ಏರಿಸಿ, ಇಳಿಸಿ ನೋಡಿ. ಕೆಲವು ಮಾನಿಟರ್‌ಗಳು ಬೆಳಕು ಕಡಿಮೆ ಮಾಡಲು ಹಿಂದಿನ ಎಲ್‌ಇಡಿಗಳನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಬ್ರೈಟ್‌ನೆಸ್ ಬದಲಾದಂತೆ ಸದ್ದೂ ಬದಲಾದರೆ ಕಾರಣ ಅದೇ. ಬೆಳಕು ತುಸು ಜಾಸ್ತಿ ಇಟ್ಟುಕೊಂಡರೆ ಎಷ್ಟೋ ಸಲ ಸದ್ದು ಅಡಗುತ್ತದೆ.

ಮಾನಿಟರ್ ಮೌನವಾಗಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ. ಬೇರೆ ಬೇರೆ ಹಾಡು ಕೇಳಿ ನೋಡಿ. ಇದನ್ನು ಯಾಕೆ ಹೇಳುತ್ತೇನೆಂದರೆ, ಹಳೆಯ ಧ್ವನಿಮುದ್ರಣಗಳಲ್ಲಿ ಟೇಪಿನದೇ ಸರ್ ಸದ್ದು ಇರುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಹಳೆಯ ಕಛೇರಿಗಳನ್ನು ಕೇಳುವವರಿಗೆ ಇದು ಗೊತ್ತಿರುತ್ತದೆ. ಹಾಡು ನಿಲ್ಲಿಸಿದ ಕೂಡಲೇ ಸದ್ದೂ ನಿಂತರೆ ಅದು ರೆಕಾರ್ಡಿಂಗಿನದ್ದು, ಅದಕ್ಕೆ ರಿಪೇರಿ ಬೇಡ.

ಹಾಡು ನಿಂತರೂ ಸದ್ದು ಉಳಿದರೆ ಅದರ ಗುಣ ಗಮನಿಸಿ. ದಪ್ಪ ದನಿಯ, ಏರಿಳಿತವಿಲ್ಲದ ಗುಂಯ್ ಇದ್ದರೆ ಕರೆಂಟಿನದ್ದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟು. ಅದು ಆಡಿಯೊ ದಾರಿಗೆ ನುಸುಳಿದರೆ 50 ಅಥವಾ 100 ಹರ್ಟ್ಸ್ ದನಿಯಾಗಿ ಕೇಳುತ್ತದೆ. ಮರಳು ಸುರಿದಂಥ ಸುಂಯ್ ಇದ್ದರೆ ಮಾನಿಟರ್ ಒಳಗಿನ ಆಂಪ್ಲಿಫೈಯರ್‌ನದ್ದು. ಚಟಪಟ ಅಂದರೆ ಸಡಿಲ ಪಿನ್ನು, ಇಲ್ಲವೇ ಕಂಪ್ಯೂಟರಿನ ಡ್ರೈವರ್, ಅಂದರೆ ಸದ್ದಿನ ಭಾಗವನ್ನು ನಡೆಸುವ ತಂತ್ರಾಂಶ. ಮೌಸ್ ಎಳೆದಾಗ, ಪುಟ ಸರಿಸಿದಾಗ ಮಾತ್ರ ಕಿರಕಿರ ಅಂದರೆ ಕಂಪ್ಯೂಟರ್ ಒಳಗಿನ ವಿದ್ಯುತ್ ಗಲಾಟೆ ಆಡಿಯೊ ವೈರಿಗೆ ಹತ್ತಿದೆ ಎಂದರ್ಥ. ಆಗಾಗ ಟಿರ್ ಟಿರ್ ಟಿರ್ ಅಂದರೆ ಹತ್ತಿರದಲ್ಲಿ ಮೊಬೈಲ್ ಇದೆ. 2ಜಿ ಸಿಗ್ನಲ್ ಸೆಕೆಂಡಿಗೆ ಸುಮಾರು 217 ಸಲ ಮಿಡಿಯುತ್ತದೆ, ಆ ಮಿಡಿತವನ್ನು ಆಡಿಯೊ ವೈರು ಹಿಡಿದುಬಿಡುತ್ತದೆ. ಫೋನನ್ನು ಒಂದು ಮಾರು ದೂರ ಇಟ್ಟರೆ ಮುಗಿಯಿತು.

ರಿಯಾಜ್ ಮಾಡುವ ಮಕ್ಕಳ ವಿಷಯದಲ್ಲಿ ಈ ಗುಂಯ್ ಸದ್ದನ್ನು ನಾನು ಸುಮ್ನೆ ಬಿಡುವುದಿಲ್ಲ. ನಮ್ಮ ಭಾಗದಲ್ಲಿ ಹಿಂದುಸ್ತಾನಿ ಕಲಿಯುವ ಮಕ್ಕಳು ಬಹಳ, ತಂಬೂರಿಯೂ ಈಗ ಆ್ಯಪ್‌ನಲ್ಲೇ ಸಿಗುತ್ತದೆ. 100 ಹರ್ಟ್ಸ್ ಅಂದರೆ ಹಾರ್ಮೋನಿಯಂನ ಬಿಳಿ ಐದರ ಕೆಳ ಸಪ್ತಕದ ಸ್ವರಕ್ಕಿಂತ ತುಸು ಮೇಲೆ. ಕರಿ ಒಂದರಲ್ಲಿ ಷಡ್ಜ ಇಟ್ಟುಕೊಂಡ ಹುಡುಗಿಗೆ ಅದು ಹೆಚ್ಚುಕಡಿಮೆ ತೀವ್ರ ಮಧ್ಯಮ. ಮಧ್ಯಮವೇ ಇಲ್ಲದ ಭೂಪ ರಾಗ ಹಾಡುತ್ತಿದ್ದರೂ ತಂಬೂರಿಯ ಕೆಳಗೆ ತೀವ್ರ ಮಧ್ಯಮ ಕೂತೇ ಇರುತ್ತದೆ, ಅದೂ ಶ್ರುತಿ ತಪ್ಪಿದ್ದು. ಕಿವಿ ತಯಾರಾಗುವ ವಯಸ್ಸಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಗುಂಯ್ ಸದ್ದಿನ ಬೇರು ಅರ್ಥಿಂಗಿನಲ್ಲಿ

ಹೆಡ್‌ಫೋನ್ ಹಾಕಿದಾಗ ಸದ್ದಿಲ್ಲ, ಕರೆಂಟಿನ ಸ್ಪೀಕರ್ ಜೋಡಿಸಿದಾಗ ಮಾತ್ರ ಗುಂಯ್ ಅನ್ನುತ್ತದಾ? ಹಾಗಾದರೆ ತೊಂದರೆ ಇರುವುದು ಅರ್ಥಿಂಗಿನಲ್ಲಿ ಎಂದೇ ಹಿಡಿದು ಹುಡುಕಿ.

ಇದರಲ್ಲಿ ಎರಡು ಬಗೆ. ಒಂದು, ಅರ್ಥಿಂಗ್ ಇಲ್ಲವೇ ಇಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದು ಚೂರು ಕರೆಂಟನ್ನು ಕ್ಯಾಬಿನೆಟ್ಟಿನ ಲೋಹಕ್ಕೆ ಬಿಡುತ್ತದೆ, ಅಲ್ಲಿಂದ ಅದು ಅರ್ಥ್ ವೈರ್ ಹಿಡಿದು ನೆಲಕ್ಕೆ ಹೋಗಬೇಕು. ಆ ವೈರೇ ಇಲ್ಲದಿದ್ದರೆ ಅದು ಆಡಿಯೊ ವೈರಿನ ಮೂಲಕ ಸ್ಪೀಕರಿಗೆ ನುಗ್ಗುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದಿದ್ದು ನೆನಪಿದೆಯಾ? ಅದೂ ಇದೇ ಕಾರಣಕ್ಕೆ. ಹಾಗಾಗಿದ್ದರೆ ಸದ್ದಿನ ಮಾತು ಬಿಡಿ, ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಇನ್ನೊಂದು, ಅರ್ಥಿಂಗ್ ಇದೆ, ಆದರೆ ಎರಡು ಕಡೆ. ಕಂಪ್ಯೂಟರ್ ಒಂದು ಗೋಡೆಯ ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ. ನೀರಿನ ಮಟ್ಟ ಬೇರೆ ಇರುವ ಎರಡು ಬಾವಿಗಳ ನಡುವೆ ಪೈಪು ಹಾಕಿದರೆ ನೀರು ಹರಿಯುತ್ತದಲ್ಲ, ಹಾಗೆ ಎರಡು ಅರ್ಥ್‌ಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸಕ್ಕೆ ಆಡಿಯೊ ವೈರೇ ಪೈಪಾಗುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ಪರೀಕ್ಷೆ ಸುಲಭ. ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ, ಆ ಬಾಕ್ಸನ್ನು ಗೋಡೆಯ ತ್ರೀ ಪಿನ್ ಸಾಕೆಟ್ಟಿಗೆ ಹಾಕಿ. ಗುಂಯ್ ನಿಂತರೆ ಅದು ಗ್ರೌಂಡ್ ಲೂಪಿನದ್ದೇ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸದ್ದು ಫಕ್ಕನೆ ನಿಂತರೆ ಅದು ಚಾರ್ಜರ್ ದಾರಿಯಲ್ಲೇ ಬರುತ್ತಿತ್ತು. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರು ಅದರ ಹಿಂದಿನ ಕೇಬಲ್ ಟಿವಿ ವೈರನ್ನೂ ಬಿಚ್ಚಿ ನೋಡಬೇಕು. ಊರೆಲ್ಲ ಸುತ್ತಿ ಬರುವ ಆ ವೈರು ತನ್ನದೇ ಅರ್ಥ್ ಹೊತ್ತು ತರುತ್ತದೆ, ಇದು ಬಹಳ ಹಳೆಯ ಕಳ್ಳ.

ಬನಹಟ್ಟಿಯ ಪರಿಚಿತರ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮುಂದಿನ ಕೋಣೆಯಲ್ಲಿ ಕಂಪ್ಯೂಟರ್, ಹಿಂದೆ ವಿದ್ಯುತ್ ಮಗ್ಗ. ಪಿಯುಸಿ ಓದುವ ಮಗ ಸ್ಪೀಕರ್ ತೋರಿಸಿ, “ಯಾವಾಗಲೂ ಗುಂಯ್ ಅಂತೈತ್ರಿ ಸರ. ಮಗ್ಗ ಚಾಲೂ ಮಾಡಿದ ಕೂಡಲೇ ಟಪ್ ಅಂತೈತಿ” ಅಂದ. ಎಲೆಕ್ಟ್ರಿಷಿಯನ್ ಬಂದು ಮೇನ್ ಆರಿಸಿ ಸ್ವಿಚ್ ಬೋರ್ಡಿನ ತಗಡು ಬಿಚ್ಚಿದರು. ಕೆಂಪು ವೈರು, ಕಪ್ಪು ವೈರು ಸರಿಯಾಗಿ ಕೂತಿದ್ದವು. ಹಸಿರು ವೈರನ್ನು ಮಾತ್ರ ಯಾರೋ ಮಡಚಿ ಮೂಲೆಗೆ ತುರುಕಿದ್ದರು. ಅದರ ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ಸಾಕೆಟ್ಟಿನ ಮೇಲಿನ ದೊಡ್ಡ ತೂತು ಬರೀ ಅಲಂಕಾರಕ್ಕಿತ್ತು. ಆ ವೈರು ಜೋಡಿಸಿ, ಎಲ್ಲವನ್ನೂ ಒಂದೇ ಬಾಕ್ಸಿಗೆ ತಂದ ಮೇಲೆ ಗುಂಯ್ ಹೋಯಿತು. ಮಗ್ಗದ ಮೋಟರಿನ ಟಪ್ ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಮೋಟರ್ ಶುರುವಾಗುವಾಗ ಲೈನಿನಲ್ಲಿ ಬರುವ ಝಟ್ಕಾವನ್ನು ಅರ್ಥಿಂಗ್ ಒಂದೇ ತಡೆಯುವುದಿಲ್ಲ. ಮಗ್ಗಕ್ಕೂ ಮನೆಗೂ ಬೇರೆ ಬೇರೆ ಲೈನ್ ಎಳೆಸುವುದೇ ಅದಕ್ಕೆ ದಾರಿ.

ಹೊರಡುವಾಗ ಎಲೆಕ್ಟ್ರಿಷಿಯನ್ ಮನೆಯವರಿಗೆ ಹೇಳಿದ್ದು ಎಲ್ಲರಿಗೂ ಬೇಕಾದ ಮಾತು: “ಬ್ಯಾಸಗಿಯೊಳಗ ಅರ್ಥಿಂಗ್ ಗುಂಡಿಗೆ ನೀರು ಹಾಕ್ರಿ.” ನಮ್ಮ ಎರೆ ನೆಲ ಮಳೆಗಾಲದಲ್ಲಿ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಒಣಗಿ ಬಿರುಕು ಬಿಟ್ಟಾಗ ಎಳೆದುಕೊಳ್ಳುವುದಿಲ್ಲ. ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬುವುದು ತೇವ ನಿಲ್ಲಲಿ ಅಂತಲೇ. ಬೇಸಿಗೆಯಲ್ಲಿ ಮಾತ್ರ ಸದ್ದು ಜಾಸ್ತಿ ಅನ್ನುವವರು ಮೊದಲು ಒಂದೆರಡು ಕೊಡ ನೀರು ಸುರಿದು ನೋಡಿ. ಅರ್ಥ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ಹೇಳುತ್ತಾರೆ. ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇದ್ದರೆ ಚಿಂತೆ ಇಲ್ಲ. ಈ ಅಳತೆ ನೀವೇ ಮಾಡಲು ಹೋಗಬೇಡಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಪ್ಲಗ್ಗಿನ ಮೇಲಿನ ದಪ್ಪ ಪಿನ್ ಮುರಿದರೆ ಅಥವಾ ಟೂ ಪಿನ್ ಅಡಾಪ್ಟರ್ ಹಾಕಿದರೆ ಗುಂಯ್ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ಕೆಲವೊಮ್ಮೆ ನಿಲ್ಲುವುದೂ ನಿಜ. ಆದರೆ ಒಳಗೆ ಯಾವುದಾದರೂ ವೈರು ಕ್ಯಾಬಿನೆಟ್ಟಿಗೆ ತಾಗಿದ ದಿನ ಶಾಕ್‌ನಿಂದ ಜೀವ ಕಾಯುವುದು ಅದೇ ಪಿನ್. ದಯವಿಟ್ಟು ಆ ಕೆಲಸ ಮಾಡಬೇಡಿ.

ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಸದ್ದು ಬರುತ್ತದೆಯಾ? ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಅದರ ಕರೆಂಟು ಒರಟು, ಫ್ಯಾನೂ ಗುರ್ ಅನ್ನುತ್ತದೆ. ಮುಂದೆ ಕೊಳ್ಳುವಾಗ ಸೈನ್ ವೇವ್ ಕೇಳಿ. ನಿಧಾನಕ್ಕೆ ತಿರುಗಿಸುವ ಹಳೆಯ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಟ್ಯೂಬ್‌ಲೈಟ್ ಕೂಡ ಬರ್ರ್ ಅನ್ನಿಸುತ್ತವೆ. ಒಂದೊಂದಾಗಿ ಆರಿಸುತ್ತ ಹೋದರೆ ಸಿಕ್ಕಿಬೀಳುತ್ತವೆ.

ಕೇಬಲ್ಲು, ವಾಲ್ಯೂಮು, ಸೆಟ್ಟಿಂಗ್ಸು

ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಗುಂಯ್ ಹೋಗುವುದಿಲ್ಲ. ಆ ಕೇಬಲ್ಲಿನಲ್ಲಿ ಸದ್ದು ಅಂಕಿಗಳಾಗಿ ಹರಿಯುತ್ತದೆ. ಕೇಬಲ್ ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ, ಪರದೆ ಮಿನುಗುತ್ತದೆ, ಅಷ್ಟೇ. ಡಿಸ್‌ಪ್ಲೇಪೋರ್ಟಿಗೂ ಇದೇ ಮಾತು. ಹಳೆಯ ವಿಜಿಎ ಮಾನಿಟರ್ ಇದ್ದವರ ಕತೆ ಬೇರೆ. ವಿಜಿಎ ಸದ್ದು ಒಯ್ಯುವುದೇ ಇಲ್ಲ, ಹಾಗಾಗಿ ಕಂಪ್ಯೂಟರಿನಿಂದ ಮಾನಿಟರಿಗೆ ಇನ್ನೊಂದು ಆಡಿಯೊ ವೈರ್ ಎಳೆದಿರುತ್ತಾರೆ. ಮೌಸ್ ಎಳೆದಾಗ ಕಿರಕಿರ ಬರುವುದು ಹೆಚ್ಚಾಗಿ ಇಲ್ಲೇ. ಆ ವೈರನ್ನು ಕ್ಯಾಬಿನೆಟ್ ಮುಂದಿನ ಜಾಕ್‌ನಿಂದ ಕಿತ್ತು ಹಿಂದಿನ ಹಸಿರು ಜಾಕ್‌ಗೆ ಹಾಕಿ. ಪವರ್ ವೈರುಗಳ ಜೊತೆ ಸುತ್ತಿ ಕಟ್ಟಿದ್ದರೆ ಬಿಡಿಸಿ ದೂರ ಸರಿಸಿ.

ಸುಂಯ್ ಸದ್ದಿಗೆ ಮೊದಲ ಮದ್ದು ವಾಲ್ಯೂಮಿನಲ್ಲೇ ಇದೆ. ಕಂಪ್ಯೂಟರಿನ ವಾಲ್ಯೂಮ್ 80ರಿಂದ 100ಕ್ಕೆ ಏರಿಸಿ, ಮಾನಿಟರ್‌ನ ವಾಲ್ಯೂಮ್ ಇಳಿಸಿ. ಬಹಳ ಜನರದ್ದು ಇದಕ್ಕೆ ಉಲ್ಟಾ ಇರುತ್ತದೆ. ಕಂಪ್ಯೂಟರಿನಿಂದ ಸಣ್ಣ ದನಿ ಕಳಿಸಿ ಮಾನಿಟರ್‌ನಲ್ಲಿ ದೊಡ್ಡದು ಮಾಡಿದರೆ ಅದರ ಜೊತೆ ಸುಂಯ್ ಕೂಡ ದೊಡ್ಡದಾಗುತ್ತದೆ. ಹೀಗೆ ಮಾಡಿಯೂ ಸದ್ದು ಒಂದೇ ಸಮ ಉಳಿದರೆ ಅದು ಅಗ್ಗದ ಆಂಪ್ಲಿಫೈಯರ್‌ನ ಹುಟ್ಟುಗುಣ. ಕಿವಿಯೊಳಗೆ ತುರುಕುವ ಸಣ್ಣ ಇಯರ್‌ಫೋನ್‌ಗಳಲ್ಲಿ ಇದು ಇನ್ನೂ ಜಾಸ್ತಿ ಕೇಳುತ್ತದೆ.

ವಿಂಡೋಸ್‌ನಲ್ಲಿ ನೋಡಬೇಕಾದ್ದು ಎರಡೇ. ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಒಳಗೆ ಹೋಗಿ ಮೋರ್ ಸೌಂಡ್ ಸೆಟ್ಟಿಂಗ್ಸ್ ತೆರೆಯಿರಿ. ರೆಕಾರ್ಡಿಂಗ್ ವಿಭಾಗದಲ್ಲಿ ಮೈಕ್ ಮೇಲೆ ಎರಡು ಸಲ ಒತ್ತಿ, ಲಿಸನ್ ಎಂಬಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಗುರುತು ಬಿದ್ದಿದ್ದರೆ ತೆಗೆಯಿರಿ. ಅದು ಆನ್ ಇದ್ದರೆ ಕೋಣೆಯ ಫ್ಯಾನು, ಬೀದಿಯ ಗಾಡಿ ಎಲ್ಲ ಮೈಕಿನಿಂದ ನೇರ ನಿಮ್ಮ ಕಿವಿಗೇ ಬರುತ್ತವೆ. ಆಮೇಲೆ ಪ್ಲೇಬ್ಯಾಕ್‌ನಲ್ಲಿ ಮಾನಿಟರ್ ಹೆಸರು ಒತ್ತಿ, ಅಡ್ವಾನ್ಸ್ಡ್‌ನಲ್ಲಿ 48000 ಹರ್ಟ್ಸ್ ಆರಿಸಿ, ಎನ್‌ಹ್ಯಾನ್ಸ್‌ಮೆಂಟ್‌ಗಳನ್ನು ಆಫ್ ಮಾಡಿ. ಚಟಪಟ ಇನ್ನೂ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ. ಎಚ್‌ಡಿಎಂಐ ಸದ್ದನ್ನು ಕಳಿಸುವುದು ಅದರ ಜೊತೆ ಬರುವ ಆಡಿಯೊ ಡ್ರೈವರ್ರೇ. ಹಾಡು ಶುರುವಾಗುವಾಗ ಒಮ್ಮೆ ಟಪ್ ಅನ್ನುವುದು ಮಾತ್ರ ಸಾಮಾನ್ಯವಾಗಿ ದೋಷವಲ್ಲ. ಸುಮ್ಮನಿದ್ದಾಗ ಮಲಗಿದ್ದ ಆಡಿಯೊ ಎದ್ದ ಸದ್ದು.

ಕೊಳ್ಳಲೇಬೇಕಾದರೆ

ಅರ್ಥಿಂಗ್ ಸರಿಪಡಿಸಿಯೂ ಸ್ಪೀಕರ್ ಗುಂಯ್ ಅಂದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಒಳಗೆ ಎರಡು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಸದ್ದನ್ನು ದಾಟಿಸಿ ವೈರಿನ ನೇರ ಸಂಪರ್ಕವನ್ನು ಕಡಿಯುತ್ತವೆ. ಅಗ್ಗದ ಡಬ್ಬಿಯಲ್ಲಿ ತಬಲಾದ ಎಡಗೈ ದನಿ ತುಸು ತೆಳುವಾಗುತ್ತದೆ, ಇದು ಗೊತ್ತಿರಲಿ. ಸುಂಯ್ ಸದ್ದಿಗೆ ಐಸೊಲೇಟರ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಅದನ್ನು ಕಂಪ್ಯೂಟರಿಗೆ ಚುಚ್ಚಿ, ಹೆಡ್‌ಫೋನನ್ನು ಅದಕ್ಕೇ ಹಾಕಿ, ಮಾನಿಟರ್‌ನ ಜಾಕನ್ನು ಮರೆತುಬಿಡಿ. ಎರಡೂ ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತವೆ.

ಯಾವ ಮನೆಗೆ ಒಯ್ದರೂ, ಯಾವ ಸಾಕೆಟ್ಟಿಗೆ ಹಾಕಿದರೂ, ಬರೀ ಹೆಡ್‌ಫೋನಿನಲ್ಲೂ ಗುಂಯ್ ಅಂದರೆ ಆಗ ಮಾನಿಟರ್ ಮೇಲೆ ಅನುಮಾನ ಪಡಬಹುದು. ಹಳೆಯ ಮಾನಿಟರ್‌ಗಳಲ್ಲಿ ಪವರ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳು ತಲೆ ಉಬ್ಬಿ ಸೋತಿರುತ್ತವೆ. ಬಿಚ್ಚಿ ನೋಡುವ ಆಸೆ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟಿನಷ್ಟು ಉಳಿದಿರಬಹುದು. ವಾರಂಟಿ ಇದ್ದರೆ ಕಂಪನಿಗೆ ಕೊಡಿ, ಇಲ್ಲದಿದ್ದರೆ ಟಿವಿ ರಿಪೇರಿ ಮಾಡುವವರ ಹತ್ತಿರ ಒಯ್ಯಿರಿ. ಕೊಡುವಾಗ “ಸದ್ದು ಬರ್ತದ” ಎಂದಷ್ಟೇ ಹೇಳಬೇಡಿ. ಬರೀ ಹೆಡ್‌ಫೋನಿನಲ್ಲೂ ಬರುತ್ತದೆ, ವಾಲ್ಯೂಮ್ ಸೊನ್ನೆ ಮಾಡಿದರೂ ಬರುತ್ತದೆ, ಬೇರೆ ಮನೆಯಲ್ಲೂ ನೋಡಿದ್ದೇವೆ ಎಂದು ಚೀಟಿ ಬರೆದು ಅಂಟಿಸಿ ಕೊಡಿ.