ಸೊಂಟ ನೋವಾ? ಮೊದಲು ಬೆರಳಿಟ್ಟು ಜಾಗ ತೋರಿಸಿ

ದಾವಣಗೆರೆಯಲ್ಲಿ ಫಿಸಿಯೊಥೆರಪಿಗೆ ಬರುವವರು "ಸೊಂಟ ನೋವು ಸಾರ್" ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಇಡೀ ಅಂಗೈ ಆಡಿಸಿ ತೋರಿಸುತ್ತಾರೆ. ಮಂಡಕ್ಕಿ ಭಟ್ಟಿಯಲ್ಲಿ ಬಗ್ಗಿ ದುಡಿಯುವವರ ನೋವು, ಬಾಣಂತಿಯ ನೋವು, ಜಾರಿ ಬಿದ್ದ ಅಜ್ಜಿಯ ನೋವು ಒಂದೇ ಅಲ್ಲ. ಜಾಗ ಸರಿಯಾಗಿ ಹೇಳಿದರೆ ವೈದ್ಯರ ಕೆಲಸ ಎಷ್ಟೋ ಹಗುರಾಗುತ್ತದೆ.

ಸೊಂಟದ ಮೂಳೆಗೂಡು ತಳವಿಲ್ಲದ ಬೋಗುಣಿಯ ಹಾಗಿದೆ. ಎಡಕ್ಕೊಂದು, ಬಲಕ್ಕೊಂದು ಅಗಲ ಮೂಳೆ. ಹಿಂದೆ, ನಡುವೆ, ತ್ರಿಕೋನ ಮೂಳೆ. ಅದು 5 ಬೆನ್ನುಮೂಳೆಗಳು ಕೂಡಿ ಆದದ್ದು. ಅದರ ಕೆಳಗೆ ಬಾಲದ ಮೂಳೆ. ಬೆನ್ನಿನ ಭಾರ ತ್ರಿಕೋನ ಮೂಳೆಗೆ ಇಳಿದು, ಅದರ ಎರಡೂ ಬದಿಯ ಕೀಲುಗಳ ಮೂಲಕ ಕಾಲುಗಳಿಗೆ ಹೋಗುತ್ತದೆ.

ಈಗ ಕನ್ನಡಿ ಮುಂದೆ ನಿಂತು ಹುಡುಕಿ. ಸೊಂಟದ ಮೇಲೆ ಕೈ ಇಟ್ಟರೆ ಸಿಗುವ ಏಣು ಅಗಲ ಮೂಳೆಯ ಅಂಚು. ಅದರ ಗುಂಟ ಮುಂದೆ ಬಂದರೆ ಚೂಪಾದ ತುದಿ. ಹಿಂದೆ ಹಲವರಿಗೆ ಎರಡು ಗುಳಿ ಕಾಣುತ್ತವೆ, ತ್ರಿಕೋನ ಮೂಳೆಯ ಕೀಲು ಅಲ್ಲೇ ಹತ್ತಿರ. ತೊಡೆಯ ಹೊರಬದಿಯಲ್ಲಿ, ಮೇಲ್ಗಡೆ, ಗಟ್ಟಿಯಾಗಿ ತಾಗುವುದು ತೊಡೆಮೂಳೆಯ ಉಬ್ಬು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಲಿನ ಉದ್ದ ನೋಡಲು ಮಲಗಿ. ಚೂಪು ತುದಿಯಿಂದ ಪಾದದ ಒಳಗಿಣ್ಣಿನವರೆಗೆ ಯಾರಾದರೂ ಟೇಪು ಹಿಡಿಯಲಿ. ಒಂದು ಸೆಂಟಿಮೀಟರ್‌ಗಿಂತ ಕಡಿಮೆ ವ್ಯತ್ಯಾಸ ಬಹಳ ಜನರಿಗಿರುತ್ತದೆ, ಸುಮ್ನೆ ಗಾಬರಿಯಾಗಬೇಡಿ.

ನನಗೆ ಅತಿ ಉಪಯುಕ್ತ ಅನ್ನಿಸುವುದು ಒಂಟಿ ಕಾಲಿನ ಪರೀಕ್ಷೆ. ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ್ದು. ಗೋಡೆಯ ಪಕ್ಕ ನಿಂತು ಒಂದು ಕಾಲೆತ್ತಿ. ಎತ್ತಿದ ಕಾಲಿನ ಕಡೆಯ ಸೊಂಟ ಕೆಳಗೆ ಜಗ್ಗಿದರೆ, ದುರ್ಬಲವಾಗಿರುವುದು ಅದಲ್ಲ, ನೆಲಕ್ಕೂರಿದ ಕಾಲಿನ ಪಿರ್ರೆಯ ಸ್ನಾಯು. ಚಿತ್ರದುರ್ಗದ ಕೋಟೆ ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ನಾವು ಒಂದು ಗಳಿಗೆ ಒಂಟಿ ಕಾಲಲ್ಲೇ ನಿಲ್ಲುತ್ತೇವೆ, ಅಲ್ವಾ? ಈ ಸ್ನಾಯು ಸೋತವರು ಅಲ್ಲಿ ಬದಿಗೆ ವಾಲಿ ವಾಲಿ ಹತ್ತುತ್ತಾರೆ.

ಇನ್ನೊಂದು: ಮಲಗಿ ಒಂದು ಕಾಲು ಮಡಚಿ, ಅದರ ಗಿಣ್ಣನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಮಡಚಿದ ಮಂಡಿಯನ್ನು ನಿಧಾನವಾಗಿ ಹೊರಕ್ಕೆ ಇಳಿಬಿಡಿ. ತೊಡೆಸಂದಿನಲ್ಲಿ ನೋವು ಬಂದರೆ ತೊಡೆಕೀಲಿನ ಮೇಲೆ ಅನುಮಾನ. ಹಿಂದೆ ಗುಳಿಯ ಹತ್ತಿರ ಬಂದರೆ ತ್ರಿಕೋನ ಮೂಳೆಯ ಕೀಲಿನ ಮೇಲೆ. ತೊಡೆಕೀಲು ಸವೆದರೆ ನೋವು ಮಂಡಿಯಲ್ಲೂ ಕಾಣಿಸಿಕೊಳ್ಳಬಹುದು. ಮಂಡಿಯ ಎಕ್ಸ್‌ರೇ ಮಾತ್ರ ತೆಗೆಸಿ ಸುಮ್ಮನಾದವರಿಗೆ ಇದನ್ನು ಒತ್ತಿ ಹೇಳಬೇಕು.

ಗರ್ಭಿಣಿಯರು ಇವನ್ನೆಲ್ಲ ತಾವೇ ಮಾಡಿ ನೋಡುವುದು ಬೇಡ. "ಸೊಂಟ ಚಿಕ್ಕದು, ಆಪರೇಷನ್ನೇ ಗತಿ" ಎಂದು ಹೊರಗಿಂದ ನೋಡಿ ಹೇಳುವ ಮಾತನ್ನೂ ನಂಬಬೇಡಿ. ಸೊಂಟದ ಹೊರ ಅಗಲದಿಂದ ಮಗು ಇಳಿಯುವ ಒಳದಾರಿಯ ಅಳತೆ ಗೊತ್ತಾಗುವುದಿಲ್ಲ. ಮಗುವಿನ ತಲೆ ಹೇಗೆ ತಿರುಗಿದೆ, ನೋವು ಹೇಗೆ ಬರುತ್ತಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೂತ್ರ ತಡೆಯಲಾಗದಿದ್ದರೆ ಅಥವಾ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ನೋವಿನ ಜೊತೆ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದ ವಯಸ್ಸಾದವರ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆಯ ಕುತ್ತಿಗೆ ಮುರಿದಿರಬಹುದು. ಅವರನ್ನು ಎಬ್ಬಿಸಿ ನಡೆಸಬೇಡಿ.

ಚಿತ್ರದುರ್ಗ–ದಾವಣಗೆರೆ ನಡುವಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರಿಗಂತೂ ಈ ಯಾವ ಪರೀಕ್ಷೆಯೂ ಬೇಡ. ಸೊಂಟ ಒತ್ತಿ, ಅಲುಗಾಡಿಸಿ ನೋಡಬೇಡಿ. ಮೂಳೆಗೂಡು ಒಡೆದಿದ್ದರೆ ಒಳಗೇ ಲೀಟರ್‌ಗಟ್ಟಲೆ ರಕ್ತ ಸೋರಬಹುದು. 108ಕ್ಕೆ ಕರೆ ಮಾಡಿ, ಅವರು ಫೋನಿನಲ್ಲಿ ಹೇಳಿದಂತೆ ಮಾಡಿ. ಬಟ್ಟೆ ಕಟ್ಟಬೇಕಾಗಿ ಬಂದರೆ ಮೇಲೆ, ಅಗಲ ಮೂಳೆಯ ಅಂಚಿನ ಮಟ್ಟದಲ್ಲಿ ಕಟ್ಟಬೇಡಿ. ಮಡಚಿದ ದುಪ್ಪಟ್ಟಾ ಅಥವಾ ಪಂಚೆಯನ್ನು ಆಗಲೇ ಹೇಳಿದ ತೊಡೆಯ ಉಬ್ಬುಗಳ ಮಟ್ಟದಲ್ಲಿ ಸುತ್ತಿ ಬಿಗಿಯಿರಿ. ಅದನ್ನು ಆಸ್ಪತ್ರೆಯಲ್ಲಿ ವೈದ್ಯರೇ ಬಿಚ್ಚಲಿ.